ಎರಡೂ ಮನೆಗೆ ಒಂದೇ ಬರ

ಮೇವು ಇದ್ದಾಗ ಮೇವಿನ ಬೆಲೆ ಯಾರಿಗೂ ತಿಳಿಯುವುದಿಲ್ಲ. ಸುಂದರಾಳಿಗೂ ತಿಳಿದಿರಲಿಲ್ಲ.

ಅಥಣಿಯಿಂದ ಪೂರ್ವಕ್ಕೆ ಹೋದರೆ ಕಪ್ಪು ಮಣ್ಣಿನ ಎರೆಭೂಮಿಯ ಊರುಗಳು ಸಿಗುತ್ತವೆ. ಅಂಥದೊಂದು ಊರಿನಲ್ಲಿ ಸುಂದರಾ ಮತ್ತು ಅವಳ ಗಂಡ ಭರಮು ಬಿಳಿಜೋಳ ಬೆಳೆದುಕೊಂಡು, ನಾಲ್ಕು ದನ ಕಟ್ಟಿಕೊಂಡು ಚೆನ್ನಾಗಿಯೇ ಬದುಕಿದ್ದರು. ಆ ವರ್ಷ ಹಿಂಗಾರಿ ಮಳೆ ಕೈಬಿಚ್ಚಿ ಸುರಿದಿತ್ತು. ಜೋಳ ಆಳೆತ್ತರ ಬೆಳೆದಿತ್ತು. ಸುಗ್ಗಿ ಮುಗಿದ ಮೇಲೆ ಹಿತ್ತಲಲ್ಲಿ ಒಟ್ಟಿದ ಕಣಿಕೆಯ, ಅಂದರೆ ಒಣಗಿದ ಜೋಳದ ದಂಟಿನ ಬಣವೆ ಮನೆಯ ಮಾಳಿಗೆಯನ್ನೂ ಮೀರಿ ನಿಂತಿತ್ತು. ಅದನ್ನು ನೋಡಿಯೇ ಮಿರಜ ಕಡೆಯ ಒಬ್ಬ ವ್ಯಾಪಾರಿ ಬಂದ. ಇಡೀ ಬಣವೆಯನ್ನು ಒಂದೇ ಸಲ ಒಯ್ಯುತ್ತೇನೆ, ರೇಟು ನೀವೇ ಹೇಳಿ ಎಂದ. ರೇಟು ನಾವೇ ಹೇಳಬೇಕು ಎನ್ನುವ ವ್ಯಾಪಾರಿ ಜನ್ಮಕ್ಕೊಮ್ಮೆ ಸಿಗುತ್ತಾನೆ. ಭರಮು ಆಗಲೇ ಮೀಸೆಯಲ್ಲಿ ನಗುತ್ತಿದ್ದ.

ಅಷ್ಟರಲ್ಲಿ ಉಜ್ವಲಾ ಬಂದಳು. ಅವಳು ಆ ಊರಿನ ಪಶುಸಖಿ. ದನಗಳಿಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕುವ ದಿನವನ್ನು ಮನೆಮನೆಗೆ ಹೇಳಿಕೊಂಡು ಬರುತ್ತಿದ್ದವಳು ಬಣವೆಯ ಮಾತು ಕೇಳಿ ಅಲ್ಲೇ ನಿಂತಳು.

"ಅತ್ತಿ, ಪೂರಾ ಬಣವಿ ಮಾರಬ್ಯಾಡ್ರಿ. ಅರ್ಧಾ ಇಟಗೋರಿ. ಮುಂದಿನ ವರ್ಷ ಮಳಿ ಕೈ ಕೊಟ್ರ ದನಕ್ಕ ಏನ ಹಾಕ್ತೀರಿ?"

"ಚಿಂಚಲಿ ಐತೆಲ್ಲ ಬೇ," ಎಂದಳು ಸುಂದರಾ.

ಚಿಂಚಲಿ ಎಂದರೆ ಅವಳ ತಂಗಿ ಲಕ್ಷ್ಮಿಬಾಯಿಯ ಮನೆ. ಅಕ್ಕ ಎರೆಭೂಮಿಗೆ, ತಂಗಿ ಹೊಳೆಯ ಸೀಮೆಗೆ ಸೊಸೆಯರಾಗಿ ಹೋದಂದಿನಿಂದ ಈ ಎರಡು ಮನೆಗಳ ನಡುವೆ ಒಂದು ರೂಢಿ ಬೆಳೆದಿತ್ತು. ಅಕ್ಕನ ಕಡೆ ಬರ ಬಿದ್ದರೆ ಅವಳ ದನಗಳು ತಂಗಿಯ ಕೊಟ್ಟಿಗೆಗೆ ಹೋಗುತ್ತಿದ್ದವು, ಕಬ್ಬಿನ ಸೋಗೆ ತಿಂದು ಮೈಕೈ ತುಂಬಿಕೊಂಡು ತಿರುಗಿ ಬರುತ್ತಿದ್ದವು. ಹೊಳೆ ಬತ್ತಿ ತಂಗಿಯ ಕಬ್ಬು ಒಣಗಿದ ವರ್ಷ ಅವಳ ದನಗಳು ಅಕ್ಕನ ಬಣವೆಗೆ ಬರುತ್ತಿದ್ದವು. ಯಾರೂ ಯಾರಿಗೂ ಲೆಕ್ಕ ಹೇಳಿದವರಲ್ಲ. ಮುಖ್ಯವಾಗಿ, ಯಾರೂ ಮೊದಲು ಕೇಳಿ ಬಂದವರಲ್ಲ. 'ಕೇಳಿ ಬರಾಂವ ನೆಂಟ, ಕೇಳದ ಬರಾಂವ ನಮ್ಮಾಂವ' ಎಂದು ಅವರ ಅವ್ವ ಹೇಳುತ್ತಿದ್ದಳು. ಬರಲೇನು ಎಂದು ಕೇಳುವುದು ಅವರ ಮನೆತನದಲ್ಲಿ ತಂಗಿಯನ್ನು ಪರಕೀಯಳನ್ನಾಗಿ ಮಾಡಿದ ಹಾಗೆ.

ಈ ರೂಢಿ ಇಷ್ಟು ವರ್ಷ ನಡೆದದ್ದಕ್ಕೆ ಕಾರಣವೂ ಇತ್ತು. ಸುಂದರಾಳ ಹೊಲಕ್ಕೆ ಹಿಂಗಾರಿ ಮಳೆಯೇ ದೇವರು. ಲಕ್ಷ್ಮಿಬಾಯಿಯ ಹೊಲಕ್ಕೆ ಕೃಷ್ಣೆ ದೇವರು, ಆ ಕೃಷ್ಣೆಗೆ ನೀರು ಬರುವುದು ಘಟ್ಟದ ಮುಂಗಾರಿನಿಂದ. ಎರಡು ಮಳೆ, ಎರಡು ಕಾಲ. ಒಂದು ಮುನಿಸಿಕೊಂಡರೆ ಇನ್ನೊಂದು ನಗುತ್ತಿತ್ತು. ಎರಡೂ ಒಟ್ಟಿಗೆ ಮುನಿಸಿಕೊಂಡದ್ದನ್ನು ಸುಂದರಾ ತನ್ನ ಕಾಲದಲ್ಲಿ ಕಂಡಿರಲಿಲ್ಲ.

ಉಜ್ವಲಾ ಕಟ್ಟೆಯ ಮೇಲೆ ಕುಳಿತು ತರಬೇತಿಯಲ್ಲಿ ಕೇಳಿದ್ದನ್ನು ಹೇಳತೊಡಗಿದಳು. ಕಲ್ಲಿದ್ದಲು, ಪೆಟ್ರೋಲು, ಡೀಸೆಲು ಸುಟ್ಟ ಹೊಗೆ ಭೂಮಿಗೆ ಕಂಬಳಿ ಹೊದಿಸಿದಂತೆ ಕೂತಿದೆ. ಭೂಮಿ ಕಾಯುತ್ತಿದೆ. ಕಾದ ಗಾಳಿ ಹೊಲದ ತೇವವನ್ನು ಬೇಗ ಹೀರುತ್ತದೆ, ಹಾಗಾಗಿ ಮೊದಲು ತಡೆದುಕೊಳ್ಳುತ್ತಿದ್ದ ಮಳೆಯ ಸಣ್ಣ ಬಿಡುವೂ ಈಗ ಬೆಳೆ ಒಣಗಿಸುತ್ತದೆ. ಇನ್ನು ದೂರದ ದೊಡ್ಡ ಸಮುದ್ರ ಕೆಲವು ವರ್ಷ ವಿಪರೀತ ಕಾಯುತ್ತದೆ, ಅದಕ್ಕೆ ಎಲ್ ನಿನೋ ಅನ್ನುತ್ತಾರೆ. ಅಂಥ ವರ್ಷ ಬಹಳ ಸಲ ನಮ್ಮ ದೇಶದಲ್ಲಿ, ಆಸ್ಟ್ರೇಲಿಯಾದಲ್ಲಿ, ಆಫ್ರಿಕಾದ ದಕ್ಷಿಣದಲ್ಲಿ ಮಳೆ ಕಡಿಮೆಯಾಗುತ್ತದೆ. ಅದು ಹಿಂದಿನಿಂದಲೂ ಇರುವುದೇ. ಆದರೆ ಭೂಮಿಯೇ ಕಾದಿರುವಾಗ ಅದರ ಪೆಟ್ಟು ಜೋರು. ಕಾವು ಏರಿದಷ್ಟೂ ಜಗತ್ತಿನ ಹಲವು ಸೀಮೆಗಳಿಗೆ ಒಂದೇ ವರ್ಷ ಬರ ಬೀಳುವ ಸಂಭವ ಏರುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ.

ಸುಂದರಾ ಎಲ್ಲವನ್ನೂ ಕೇಳಿದಳು. ಕೇಳಿ, ತನ್ನ ಎಮ್ಮೆಯ ಬೆನ್ನು ಸವರಿದಳು. ಗೌರಿ ಎಂದು ಅದರ ಹೆಸರು. ತಾಯಿಯಿಲ್ಲದ ಕರುವನ್ನು ಬಾಟಲಿ ಹಾಲು ಕುಡಿಸಿ ಸಾಕಿದ್ದಳು.

"ಆಸ್ಟ್ರೇಲಿಯಾದಾಗ ಮಳಿ ಆಗಲಿಲ್ಲಂದ್ರ ನಮ್ಮ ಗೌರಿ ಯಾಕ ಉಪಾಸ ಬೀಳ್ತಾಳು? ಬರ ಏನ ಇವತ್ತಿಂದಾ? ನಮ್ಮ ಅತ್ತಿ ಕಾಲದಾಗೂ ಇತ್ತು."

"ಇತ್ತ್ರಿ. ಆಗ ಒಂದ ಮನಿ ಸುಟ್ರ ಓಣಿ ಮಂದಿ ನೀರ ತರತಿದ್ರು. ಓಣಿಗೆ ಓಣಿನ ಸುಟ್ರ ನೀರ ತರವ್ರ ಯಾರು? ಬರ ಬಂದ ಬರ್ತೈತಿ ಅಂತ ನಾ ಹೇಳಾಕತ್ತಿಲ್ಲ. ಎರಡೂ ಕಡೆ ಕೂಡೇ ಬರೂ ಸಂಭವ ಹೆಚ್ಚಾಗೇತಿ ಅಂತ ಹೇಳಾಕತ್ತೇನಿ."

ತಮ್ಮ ಸ್ವಸಹಾಯ ಸಂಘದ ಹೆಂಗಸರು ಮನೆಗಿಷ್ಟು ಕಣಿಕೆ ಎಂದು ಕೂಡಿಸಿ ಒಂದು ಸಾಮೂಹಿಕ ಬಣವೆ ಒಟ್ಟುತ್ತಿದ್ದಾರೆ, ನೀವೂ ಸೇರಿ ಎಂದು ಉಜ್ವಲಾ ಕೇಳಿಕೊಂಡಳು. ಸುಂದರಾ ನಕ್ಕಳು. ತಂಗಿ ಇಲ್ಲದವರು ಬಣವೆ ಒಟ್ಟಲಿ, ನನಗೆ ತಂಗಿ ಇದ್ದಾಳೆ ಎಂದಳು. ಉಜ್ವಲಾ ಚಹಾ ಕುಡಿದು ಎದ್ದುಹೋದಳು. ಸಂಜೆಗೆ ಬಣವೆ ಮಿರಜದ ದಾರಿ ಹಿಡಿಯಿತು, ಹಿತ್ತಲು ಬಯಲಾಯಿತು.

ಮರುವರ್ಷ ಮುಂಗಾರು ಮೋಡ ತೋರಿಸಿ ಹೋಯಿತು. ಮುಂಗಾರು ನಮ್ಮದಲ್ಲ ಬಿಡು ಎಂದುಕೊಂಡರು ಎರೆಭೂಮಿಯವರು. ಮುಂದೆ ಹಿಂಗಾರಿಯೂ ಬರಲಿಲ್ಲ. ಬಿತ್ತಿದ ಜೋಳ ಮೊಣಕಾಲೆತ್ತರಕ್ಕೆ ಬಂದು ಅಲ್ಲಿಯೇ ಸುಟ್ಟುಹೋಯಿತು. ಬಿಸಿಲು ಚಳಿಗಾಲದಲ್ಲೇ ಶುರುವಾಯಿತು. ಎರೆಯ ಬಿರುಕುಗಳಲ್ಲಿ ಕೈ ಇಳಿಯುವಂತಾಯಿತು. ಅಂಗಡಿಯಲ್ಲಿ ತೊಗರಿಬೇಳೆಯ ದರ ಕೇಳಿ ಸುಂದರಾ ಕೈಚೀಲ ಮಡಚಿಕೊಂಡು ಬಂದಳು. ನಮ್ಮಲ್ಲಿ ಕಡಿಮೆ ಬಿದ್ದಾಗ ಬೇಳೆ ಆಫ್ರಿಕಾದಿಂದ ಬರುತ್ತಿತ್ತು, ಈ ಸಲ ಅಲ್ಲಿಯೂ ಮಳೆ ಸರಿಯಾಗಿಲ್ಲವಂತೆ ಎಂದು ಅಂಗಡಿಯವನು ಹೇಳಿದ. ಅವಳು ಹೂಂಗುಟ್ಟಿದಳು. ಅವಳ ತಲೆಯಲ್ಲಿ ಇದ್ದದ್ದು ಗೌರಿ ಒಬ್ಬಳೇ. ಗೌರಿ ಚೊಚ್ಚಲ ಗಬ್ಬವಾಗಿತ್ತು. ಹೊಟ್ಟೆ ಇಳಿದು ಪಕ್ಕೆಯ ಎಲುಬು ಎಣಿಸುವಂತಾಗಿತ್ತು. ಹೀಗೇ ಆದರೆ ತಾಯಿಯೂ ಉಳಿಯುವುದಿಲ್ಲ, ಕರುವೂ ಉಳಿಯುವುದಿಲ್ಲ ಎಂದು ದನದ ಡಾಕ್ಟರು ಹೇಳಿ ಹೋಗಿದ್ದರು.

ನಾಳೆ ಚಿಂಚಲಿಗೆ ಹೋಗೋಣ ಎಂದಳು ಸುಂದರಾ. ಕೃಷ್ಣೆ ಬತ್ತಿದ್ದಾಳೆ ಎಂದು ಟಿವಿಯಲ್ಲಿ ತೋರಿಸುತ್ತಿದ್ದಾರಲ್ಲ, ಒಂದು ಮಾತು ಫೋನು ಮಾಡು ಎಂದ ಭರಮು. ಟಿವಿಯವರು ದಿನಕ್ಕೊಂದು ತೋರಿಸುತ್ತಾರೆ, ನನ್ನ ತಂಗಿಯ ಮನೆಗೆ ನಾನು ಫೋನು ಮಾಡಿ ಹೋಗಬೇಕೇ ಎಂದು ಅವಳು ತಿರುಗಿಬಿದ್ದಳು. ಅಕ್ಕತಂಗಿಯರು ವಾರವಾರವೂ ಮಾತಾಡುತ್ತಿದ್ದರು, ಅದೇನೂ ತಪ್ಪಿರಲಿಲ್ಲ. ಆರಾಮ ಅದಿಯಾ ಅನ್ನುವುದು, ಆರಾಮ ಅದೇನಿ ಅನ್ನುವುದು. ಇಬ್ಬರೂ ಮರ್ಯಾದೆಗೆ ಅಂಜಿ ಆರಾಮವಾಗಿದ್ದರು!

ಟೆಂಪೋದಲ್ಲಿ ಗೌರಿ, ಜೋಡೆತ್ತು, ಒಂದು ಆಕಳನ್ನು ಹತ್ತಿಸಿಕೊಂಡು ಬೆಳಿಗ್ಗೆ ಹೊರಟರು. ಬಿಸಿಲೇರುವ ಹೊತ್ತಿಗೆ ಕೃಷ್ಣೆಯ ಸೇತುವೆ ಬಂತು. ಕೆಳಗೆ ನೀರಿರಲಿಲ್ಲ. ಉಸುಕಿನ ನಡುವೆ ಅಲ್ಲೊಂದು ಇಲ್ಲೊಂದು ಹಸಿರುಗಟ್ಟಿದ ಗುಂಡಿ, ಅದರ ಸುತ್ತ ಮಂದಿ ಕೊಡ ಹಿಡಿದು ನಿಂತಿದ್ದರು. ಸುಂದರಾ ಆ ಕಡೆ ನೋಡಲಿಲ್ಲ. ಸೇತುವೆ ದಾಟಿದ ಮೇಲೆ ಒಂದು ಚಹಾದಂಗಡಿಯ ಬೇವಿನ ನೆರಳಿನಲ್ಲಿ ಇನ್ನೊಂದು ದನದ ಟೆಂಪೋ ನಿಂತಿತ್ತು. ಅದರ ಪಕ್ಕದಲ್ಲಿ ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಆಕಳಿಗೆ ಬಕೆಟ್ಟಿನಿಂದ ನೀರು ಕುಡಿಸುತ್ತಿದ್ದಳು. ಬೆನ್ನಿನಿಂದಲೇ ಸುಂದರಾಳಿಗೆ ಗುರುತು ಸಿಕ್ಕಿತು.

"ಲಕ್ಷ್ಮಿ," ಎಂದಳು.

ಲಕ್ಷ್ಮಿಬಾಯಿ ತಿರುಗಿ ನೋಡಿದಳು. ಅಕ್ಕನ ಮುಖ ನೋಡಿದಳು, ಅಕ್ಕನ ಹಿಂದಿದ್ದ ಟೆಂಪೋ ನೋಡಿದಳು, ಅದರಲ್ಲಿದ್ದ ಗೌರಿಯನ್ನು ನೋಡಿದಳು. ಮೊದಲು ಇಬ್ಬರಿಗೂ ನಗು ಬಂತು. ಹೀಗೆ ನಡುದಾರಿಯಲ್ಲಿ ಎರಡು ಮನೆಯ ದನ ಮುಖಾಮುಖಿಯಾದರೆ ಯಾರಿಗೆ ನಗು ಬರುವುದಿಲ್ಲ? ಚಹಾದಂಗಡಿಯವನೂ ನಕ್ಕ. ಆಮೇಲೆ ನಗು ಎಲ್ಲಿಗೆ ಹೋಯಿತೋ, ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಅತ್ತರು.

ಲಕ್ಷ್ಮಿಬಾಯಿಯ ಕಬ್ಬು ಒಣಗಿ ತಿಂಗಳುಗಳೇ ಆಗಿದ್ದವು. ಸೋಗೆಯೂ ಇರಲಿಲ್ಲ. ದನಗಳಲ್ಲಿ ಕೆಲವನ್ನು ಆಗಲೇ ಮಾರಿದ್ದಳು. ಉಳಿದದ್ದು ಕೆಂಪಿ ಎಂಬ ಆಕಳೊಂದೇ. ಅದೂ ಗಬ್ಬವಾಗಿತ್ತು.

"ನಮ್ಮ ಕಡೆ ಏನೂ ಉಳಿದಿಲ್ಲಕ್ಕಾ. ನಿನ್ನ ಬಣವಿ ಇರ್ತೈತೆಲ್ಲ, ಕೆಂಪಿಗೆ ಅಷ್ಟ ಸಾಕು ಅಂತ ಬಂದೆ."

ಸುಂದರಾ ಏನು ಹೇಳಿಯಾಳು? ಬಣವೆ ಮಾರಿದೆ ಎಂದಳು. ಯಾವಾಗ ಎಂದು ತಂಗಿ ಕೇಳಿದಳು. ಒಳ್ಳೆ ವರ್ಷದಲ್ಲಿ, ನೀನಿದ್ದೀಯ ಎಂದು ಮಾರಿದೆ ಎಂದಳು. ತಾನು ತಂಗಿಯನ್ನು ನಂಬಿ ಕೂತಿದ್ದಳು, ತಂಗಿ ತನ್ನನ್ನು ನಂಬಿ ಕೂತಿದ್ದಳು. ಇಬ್ಬರ ನಂಬಿಕೆಯೂ ಸುಳ್ಳಲ್ಲ, ಆದರೆ ಇಬ್ಬರ ಕೊಟ್ಟಿಗೆಯೂ ಖಾಲಿ. ಸುಂದರಾಳಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಭರಮು ಆ ವ್ಯಾಪಾರಿಗೆ ಫೋನು ಹಚ್ಚಿದ. ಎಷ್ಟಾದರೂ ಕೊಡುತ್ತೇವೆ, ಒಂದಿಷ್ಟು ಕಣಿಕೆ ಕೊಡು ಎಂದ. ತನಗೂ ಎಲ್ಲಿಯೂ ಸಿಗುತ್ತಿಲ್ಲ, ತರುವ ಊರುಗಳಲ್ಲೂ ಬರವೇ ಎಂದು ಅವನು ಹೇಳಿದ. ಆಗ ಸುಂದರಾಳಿಗೆ ಸಂಘದ ಬಣವೆ ನೆನಪಾಯಿತು. ಯಾವ ಮುಖ ಹೊತ್ತು ಕೇಳುವುದು ಎಂದುಕೊಂಡಳು, ಆದರೂ ಎರಡು ಟೆಂಪೋಗಳನ್ನೂ ತನ್ನ ಊರಿಗೆ ತಿರುಗಿಸಲು ಹೇಳಿದಳು.

ಸಂಘದ ಅಧ್ಯಕ್ಷೆ ಮಲಕವ್ವ ಹಿರಿಯಳು, ಮಾತು ಕಡಿಮೆ. ಹೆಂಗಸರೆಲ್ಲ ಬಣವೆಯ ಹತ್ತಿರ ಸೇರಿದರು. ಒಬ್ಬಿಬ್ಬರು, ಅಂದು ನಕ್ಕವಳು ಇವಳೇ ಅಲ್ಲವೇ ಎಂದರು. ಅದು ನಿಜ, ಸುಂದರಾ ತಲೆ ತಗ್ಗಿಸಿ ಕೇಳಿಸಿಕೊಂಡಳು. ಉಜ್ವಲಾ ಮಾತ್ರ ಆ ಮಾತು ತೆಗೆಯಲಿಲ್ಲ. ಗೌರಿಯ ಕಣ್ಣರೆಪ್ಪೆ ಬಿಡಿಸಿ ನೋಡಿದಳು, ಕೆಂಪಿಯ ಹೊಟ್ಟೆ ಮುಟ್ಟಿ ನೋಡಿದಳು, ಎರಡಕ್ಕೂ ತಡಮಾಡದೆ ಮೇವು ಬೇಕು ಎಂದು ಮಲಕವ್ವನಿಗೆ ಹೇಳಿದಳು. ಮಲಕವ್ವ ಬಣವೆಯನ್ನು ಬಹಳ ಹೊತ್ತು ನೋಡಿದಳು. ಅದು ಅರ್ಧಕ್ಕೆ ಇಳಿದಿತ್ತು, ಮಳೆ ಇನ್ನೂ ದೂರವಿತ್ತು.

"ಸುಂದರಾ, ನಮ್ಮ ದನಕ್ಕ ಕಡಿಮಿ ಮಾಡಿ ಈ ಗಬ್ಬದ ಎರಡರಾಗ ಒಂದಕ್ಕ ಹೊಂದಸ್ತೀವಿ. ಎರಡಕ್ಕ ಆಗೂದಿಲ್ಲ. ಎರಡಕ್ಕ ಹಾಕಿದ್ರ ಎಲ್ಲಾವೂ ಸಾಯ್ತಾವ. ಯಾವುದು ಅನ್ನೂದು ನೀನ ಹೇಳು."

ಸುಂದರಾ ಗೌರಿಯನ್ನು ನೋಡಿದಳು. ಅದು ಅವಳ ಸೆರಗು ಮೂಸುತ್ತಿತ್ತು. ಕೆಂಪಿಯನ್ನು ನೋಡಿದಳು. ಅದರ ಹಗ್ಗ ಹಿಡಿದ ತಂಗಿಯನ್ನು ಮಾತ್ರ ನೋಡಲಾಗಲಿಲ್ಲ.

"ಗೌರಿ," ಎಂದಳು.

ಲಕ್ಷ್ಮಿಬಾಯಿ ಒಂದು ಕ್ಷಣವೂ ತಡಮಾಡದೆ ಅಕ್ಕನ ಕೈ ಹಿಡಿದಳು. "ನಾ ಇದ್ರೂ ಅದನ್ನ ಅಂತಿದ್ದೆ ಅಕ್ಕಾ. ಮನಸಿಗೆ ಹಚಗೋಬ್ಯಾಡ," ಎಂದಳು. ಬೈದಿದ್ದರೆ ಸುಂದರಾ ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಹೆಂಗಸರ ನಡುವೆಯೇ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

ಕೆಂಪಿ ಸಂತೆಗೆ ಹೋಯಿತು. ಸುಂದರಾಳ ಎತ್ತುಗಳೂ ಆಕಳೂ ಅದರ ಜೊತೆಗೇ ಹೋದವು. ಎಲ್ಲರೂ ಮಾರುವವರೇ ಇದ್ದ ಸಂತೆಯಲ್ಲಿ ಕೊಳ್ಳುವವನು ಹೇಳಿದ್ದೇ ದರ. ಲಕ್ಷ್ಮಿಬಾಯಿ ಖಾಲಿ ಹಗ್ಗ ಸುತ್ತಿಕೊಂಡು ಬಸ್ಸು ಹತ್ತಿದಳು.

ಮರುದಿನ ಸಂಘದ ಬಣವೆಯಿಂದ ಗೌರಿಯ ಪಾಲು ತರಲು ಹೋದಾಗ ಸುಂದರಾ ಉಜ್ವಲಾಳ ಹತ್ತಿರ ಕುಳಿತು, ಕೇಳಲೋ ಬೇಡವೋ ಎಂದು ಕೇಳಿದಳು.

"ಉಜ್ವಲಾ, ಕೂಡೇ ಬರ ಬಿದ್ರ ದೇಶಗೋಳೂ ನಾ ಮಾಡಿದಂಗ ಮಾಡ್ತಾವೇನ?"

"ಮಾಡ್ತಾವ್ರಿ ಅತ್ತಿ. ತಮಗ ಸಾಲಾಂಗಿಲ್ಲ ಅಂತ ಅನಸಿದ ಕೂಡ್ಲೆ ಬಾಗಲಾ ಹಾಕ್ಕೋತಾವ. ಅಕ್ಕಿ ಹೊರಗ ಕಳಸೂದ ಬಂದ್, ಗೋದಿ ಬಂದ್ ಅಂತಾವ. ನಮ್ಮ ದೇಶಾನೂ ಮಾಡೇತಿ. ಕೆಟ್ಟವರು ಅಂತಲ್ಲ, ತಮ್ಮ ಮಕ್ಕಳ ಮಾರಿ ಕಾಣತಾವ. ಆದ್ರ ಕೊಂಡ ತಿನ್ನೂ ಬಡ ದೇಶದ ಮಂದಿ ಉಪಾಸ ಬೀಳ್ತಾರ."

ಸುಂದರಾ ಕಣಿಕೆಯ ಹೊರೆ ಕಟ್ಟಿದಳು. ಆಸ್ಟ್ರೇಲಿಯಾ ಎಲ್ಲಿದೆಯೋ ಅವಳಿಗೆ ಈಗಲೂ ಗೊತ್ತಿಲ್ಲ. ಆದರೆ ಅಲ್ಲಿ ಯಾವಳೋ ಒಬ್ಬಳು ತನ್ನ ಹಾಗೆಯೇ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿರಬಹುದು ಎಂದು ಮೊದಲ ಸಲ ಅನ್ನಿಸಿತು.

ಮುಂದಿನ ವರ್ಷ ಮಳೆ ಬಂತು. ಗೌರಿ ಹೆಣ್ಣು ಕರು ಹಾಕಿತು. ಸುಂದರಾ ಮೊದಲ ಹಾಲಿನ ಗಿಣ್ಣ ಕಾಸಿ, ಅದರಲ್ಲಿ ಒಂದು ಚೂರನ್ನೂ ಬಾಯಿಗೆ ಹಾಕದೆ ಡಬ್ಬಿ ಕಟ್ಟಿಕೊಂಡು ಚಿಂಚಲಿಗೆ ಹೋದಳು. ತಂಗಿ ತಾನೂ ತಿಂದಳು, ಓಣಿಗೂ ಹಂಚಿದಳು, ಚೆನ್ನಾಗಿದೆ ಎಂದಳು. ಖಾಲಿ ಗೂಟದ ಕಡೆ ಇಬ್ಬರೂ ನೋಡಲಿಲ್ಲ.

ಊಟವಾದ ಮೇಲೆ ಸುಂದರಾ ತಂಗಿಯ ಗಂಡ ಮಾಳೇಶನನ್ನು ಕೂರಿಸಿಕೊಂಡಳು. ಹೊಲದ ಒಂದು ಮೂಲೆಯಲ್ಲಾದರೂ ಕಬ್ಬು ಬಿಟ್ಟು ಜೋಳ ಹಾಕು, ಕಣಿಕೆಯಾದರೂ ಉಳಿಯುತ್ತದೆ ಎಂದಳು. ಕಬ್ಬು ಕಡಿದ ಮೇಲೆ ಉಳಿಯುವ ಒಣ ಗರಿಯ ರವದಿಗೆ ಬೆಂಕಿ ಹಚ್ಚಬೇಡ, ಸಾಲಿನಲ್ಲಿ ಹಾಸು, ನೆಲದ ತೇವ ನಿಲ್ಲುತ್ತದೆ, ಹೊಗೆಯೂ ತಪ್ಪುತ್ತದೆ ಎಂದಳು. ಮಾಳೇಶ ನಕ್ಕ. ಒಂದು ಕೆಟ್ಟ ವರ್ಷ ಬಂತು, ಹೋಯಿತು, ಈಗ ಹೊಳೆ ತುಂಬಿದೆ, ಇನ್ನೇಕೆ ಚಿಂತೆ ಎಂದ. ಅವನ ನಗುವಿನಲ್ಲಿ ಸುಂದರಾಳಿಗೆ ತನ್ನದೇ ನಗು ಕೇಳಿಸಿತು.

"ಮಾಳೇಶಾ, ಹೊಳಿ ತುಂಬಿದಾಗ ಹೇಳಾಕತ್ತೇನಿ. ಬತ್ತಿದ ಮ್ಯಾಲೆ ಹೇಳಿದ್ರ ಏನ ಉಪಯೋಗ? ನಾ ಕೆಂಪಿನ್ನ ಸಂತಿಗೆ ಕಳಿಸಿದಾಕಿ. ನಿಮ್ಮ ಚಿಂಚಲಿ ದೇವಿ ಮಾಯಕ್ಕನಾಣಿ, ಇನ್ನೊಮ್ಮೆ ಆ ಮಾತ ನನ್ನ ಬಾಯಿಂದ ಬರಬಾರದು."

ಮಾಳೇಶ ನಗುವುದನ್ನು ನಿಲ್ಲಿಸಿದ. ಹೆಂಡತಿಯ ಮುಖ ನೋಡಿದ. ಆ ಹಿಂಗಾರಿಗೆ ಚಿಂಚಲಿಯ ಹೊಲದ ಒಂದು ಬದಿಯಲ್ಲಿ ಜೋಳ ಎದ್ದಿತು. ಈ ಕಡೆ ಸುಂದರಾ ಸಂಘದ ಸದಸ್ಯೆಯಾದಳು, ತನ್ನ ಪಾಲಿನ ಕಣಿಕೆಯನ್ನು ತಾನೇ ಹೊತ್ತು ತಂದು ಒಟ್ಟಿದಳು. ಭರಮು ಹೊಲದ ತಗ್ಗಿನಲ್ಲಿ ಕೃಷಿಹೊಂಡಕ್ಕೆ ಗುರುತು ಹಾಕಿದ. ವಾರದ ಫೋನಿನಲ್ಲಿ ಅಕ್ಕತಂಗಿಯರು ಈಗ ಆರಾಮ ಎಂದು ಹೇಳಿ ಇಟ್ಟುಬಿಡುವುದಿಲ್ಲ. ಬಾವಿಯಲ್ಲಿ ನೀರೆಷ್ಟಿದೆ, ಮೇವು ಎಲ್ಲಿಯವರೆಗೆ ಬರುತ್ತದೆ ಎಂದು ಒಬ್ಬರಿಗೊಬ್ಬರು ಇದ್ದದ್ದು ಇದ್ದಂತೆ ಹೇಳುತ್ತಾರೆ. ಅವ್ವ ಇದ್ದಿದ್ದರೆ ಸಿಟ್ಟಾಗುತ್ತಿದ್ದಳೋ ಏನೋ, ಆದರೆ ಅವ್ವನ ಕಾಲದ ಮಳೆಯೂ ಈಗ ಇಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಭೂಮಿಯ ಕಾವನ್ನು ಇಳಿಸುವ ದೊಡ್ಡ ಕೆಲಸ ನಮ್ಮ ಒಬ್ಬರ ಕೈಯಲ್ಲಿಲ್ಲ. ಹೆಚ್ಚು ಹೊಗೆ ಬಿಟ್ಟ ದೊಡ್ಡ ದೇಶಗಳು, ದೊಡ್ಡ ಕಾರ್ಖಾನೆಗಳು ಅದನ್ನು ಮಾಡಬೇಕು, ಮಾಡಿ ಎಂದು ನಾವು ಕೇಳಬೇಕು. ವೋಟು ಕೇಳಲು ಬಂದವರನ್ನೂ ಕೇಳಬೇಕು. ಆದರೆ ಮೇವು ಕೂಡಿಸುವುದು ನಮ್ಮ ಕೈಯಲ್ಲಿದೆ. ಎಲ್ಲ ನೆಲಕ್ಕೂ ಒಂದೇ ಬೆಳೆ ಹಾಕದಿರುವುದು, ರವದಿ ಸುಡದಿರುವುದು, ಬಿದ್ದ ಮಳೆಯನ್ನು ಹೊಲದಲ್ಲೇ ನಿಲ್ಲಿಸುವುದು ನಮ್ಮ ಕೈಯಲ್ಲಿದೆ. ನಮ್ಮಲ್ಲಿ ಇಲ್ಲದಿದ್ದರೆ ಬೀಗರಲ್ಲಿ ಇರುತ್ತದೆ, ಈ ದೇಶದಲ್ಲಿ ಇಲ್ಲದಿದ್ದರೆ ಆ ದೇಶದಲ್ಲಿ ಇರುತ್ತದೆ ಎಂದು ನೆಮ್ಮದಿಯಿಂದ ಕೂರುವ ಕಾಲ ಇದಲ್ಲ. ಈ ವರ್ಷ ನಿಮ್ಮ ಹಿತ್ತಲಲ್ಲಿ ಬಣವೆ ಇದ್ದರೆ ಅದರಲ್ಲಿ ಅರ್ಧವನ್ನಾದರೂ ಇಂದೇ ತೆಗೆದಿಡಿ, ನಿಮ್ಮ ಊರಿನ ಸಂಘದ ಜೊತೆ ಸೇರಿ. ಒಡಹುಟ್ಟಿದವಳು ಹಗ್ಗ ಹಿಡಿದು ಎದುರಿಗೆ ನಿಂತಿರುವಾಗ, ಎರಡರಲ್ಲಿ ಯಾವುದು ಉಳಿಯಬೇಕು ಎಂದು ನಿಮ್ಮನ್ನು ಯಾರೂ ಕೇಳದಿರಲಿ.